ಸತ್ತವರನ್ನು ಕೂಗಿ ಓದುವ ಚಿಕ್ಕಮ್ಮ

ನಮ್ಮ ಚಿಕ್ಕಮ್ಮನಿಗೆ ಬದುಕಿರುವವರ ಸಹವಾಸ ಅಷ್ಟಾಗಿ ಒಗ್ಗುವುದಿಲ್ಲ! ಏನಿದ್ದರೂ ಸತ್ತು ಎಂಟುನೂರು ವರ್ಷವಾದವರೇ ಬೇಕು. ಅಂದರೆ ಚರಿತ್ರೆ ಓದುತ್ತಾಳೆ, ಅದೂ ಗಟ್ಟಿಯಾಗಿ. ಅರಸೀಕೆರೆಯ ನಮ್ಮ ಮನೆಗೆ ಅಪ್ಪನ ಎರಡನೇ ಹೆಂಡತಿಯಾಗಿ ಬಂದಾಗ ಟ್ರಂಕಿನ ತುಂಬ ಇಂಥವರನ್ನೇ ತಂದಿದ್ದಳಂತೆ.

ಅಜ್ಜಿಗೆ ಅದೇ ಭಯ. ಸತ್ತವರ ಹೆಸರು ಹೇಳಿದರೆ ಕರೆದ ಹಾಗೆ, ಕರೆದರೆ ಬರುತ್ತಾರೆ ಎಂದು ಅವಳ ನಂಬಿಕೆ. ನಾನು ಹಾಲು ಕುಡಿಯುವ ಕೂಸಾಗಿದ್ದಾಗಲೇ ತೀರಿಕೊಂಡ ಅಮ್ಮನ ಹೆಸರನ್ನು ಅದಕ್ಕೇ ಮನೆಯಲ್ಲಿ ಯಾರೂ ಎತ್ತುವಂತಿರಲಿಲ್ಲ. "ಬಂದೋಳು ಬರಿಗೈಲಿ ಹೋಯ್ತಾಳಾ? ಮಗೀನ ಕರ್ಕೊಂಡೇ ಹೋಗೋದು" ಎನ್ನುತ್ತಿದ್ದಳು. ಮಗು ಎಂದರೆ ನಾನು; ಮೂವತ್ತು ದಾಟಿದೆ. ಅಮ್ಮನ ಹೆಸರನ್ನು ಜನನ ಪತ್ರದಲ್ಲಿ ಓದಿದ್ದೆ, ಯಾರ ಬಾಯಲ್ಲೂ ಕೇಳಿರಲಿಲ್ಲ. ಒಂದು ಸಲವಾದರೂ ಕೇಳಬೇಕೆಂಬ ಆಸೆ ಮಾತ್ರ ಹೋಗಿರಲಿಲ್ಲ.

"ಅತ್ತೆ, ಇನ್ನೂರೈವತ್ತು ವರ್ಷದ ಹಿಂದಿನ ಇಂಗ್ಲಿಷ್ ಕಾದಂಬರಿಗಳಲ್ಲಿ, ಹುಡುಗೀರು ಕತೆ ಓದಿದ್ರೆ ಕೆಡ್ತಾರೆ, ಚರಿತ್ರೆ ಓದ್ಸಿ ಅಂತಾರೆ ದೊಡ್ಡೋರು" ಎಂದಳು ಒಮ್ಮೆ ಚಿಕ್ಕಮ್ಮ.

"ಅವರಿಗೇನ್ ಗೊತ್ತು? ಕತೇನೇ ಓದ್ಕೊಳ್ಲಿ. ಕತೇಲಿರೋರು ಹುಟ್ಟೇ ಇಲ್ಲ, ಎದ್ದು ಬರಾಕಿಲ್ಲ" ಎಂದಳು ಅಜ್ಜಿ.

ಈ ತರ್ಕಕ್ಕೆ ಯಾವ ವಿಶ್ವವಿದ್ಯಾಲಯದಲ್ಲಿ ಉತ್ತರವಿದೆ?

ಒಂದು ಮುಸ್ಸಂಜೆ ಚಿಕ್ಕಮ್ಮ ಯಾರೋ ದಂಡನಾಯಕನ ಹೆಸರು ಓದುತ್ತಿದ್ದ ಹಾಗೇ ಕರೆಂಟು ಹೋಯಿತು. ಗಾಳಿಯಿಲ್ಲದೆ ಬಾಗಿಲ ಚಿಲಕ ಅಲ್ಲಾಡಿತು. "ನೋಡು, ಬಂದ" ಎಂದಳು ಅಜ್ಜಿ. "ಬರ್ಲಿ ಬಿಡಿ ಅತ್ತೆ, ಕೂರೋಕೆ ಚಾಪೆ ಹಾಕ್ತೀನಿ" ಎಂದು ಚಿಕ್ಕಮ್ಮ ನಿಜವಾಗಿಯೂ ಹಾಕಿದಳು. ದೀಪ ಬಂದಾಗ ಚಾಪೆಯ ನಡುವೆ ಯಾರೋ ಕೂತೆದ್ದಂತೆ ತಗ್ಗಾಗಿತ್ತು. ಬೆಕ್ಕು ಇರಬೇಕು ಎಂದುಕೊಂಡೆವು. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಹೋದ ವರ್ಷ ಚಿಕ್ಕಮ್ಮ ನನ್ನನ್ನು ಹಳೇಬೀಡಿಗೆ ಎಳೆದುಕೊಂಡು ಹೋದಳು. ಎಲ್ಲರೂ ದೇವಸ್ಥಾನಕ್ಕೆ ಹೋದರೆ ಇವಳು ಕೆರೆಯ ಕಡೆ ಹೋಗಿ, ಪೊದೆಯೊಳಗಿನ ಮಾಸ್ತಿಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಗಂಡನ ಚಿತೆ ಏರಿದವಳ ಕಲ್ಲು ಅದು. ಬಳೆ ತೊಟ್ಟ ಒಂದು ಕೈ ಮೇಲೆದ್ದಿರುತ್ತದೆ. ಕೆಳಗಿನ ಬರಹದಲ್ಲಿ ಗಂಡನ ಹೆಸರು, ಮಾವನ ಹೆಸರು, ಕಡೆಗೆ ಕುದುರೆಯ ಹೆಸರೂ ಇತ್ತಂತೆ. ಅವಳದಿಲ್ಲ.

"ನಿನ್ನ ಹೆಸರೇನಮ್ಮಾ?" ಎಂದು ಚಿಕ್ಕಮ್ಮ ಕಲ್ಲಿಗೆ ಕಿವಿಯಿಟ್ಟಳು. ಬಳೆಯ ಸದ್ದು ನನಗೂ ಕೇಳಿಸಿತು. ಚಿಕ್ಕಮ್ಮನ ಕೈಯಲ್ಲಿದ್ದದ್ದು ಬರೀ ವಾಚು, ನನ್ನ ಕೈ ಬೋಳು.

ವಾಪಸು ಬರುವ ಬಸ್ಸಿನಲ್ಲಿ ಹೇಳಿದಳು: "ನಮ್ಮನೇಲೂ ಒಬ್ಬಳನ್ನ ಹಿಂಗೇ ಕಲ್ಲು ಮಾಡಿಟ್ಟಿದ್ದೀವಿ ಕಣೇ."

ಆ ವರ್ಷದ ಹಿರಿಯರ ಹಬ್ಬಕ್ಕೆ ಎಂದಿನಂತೆ ಎಡೆ ಇಟ್ಟೆವು. ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ಜಗಲಿಯಲ್ಲಿ ಕೂರುವುದು ಪದ್ಧತಿ. ಅಮ್ಮನ ಎಲೆಗೆ ಅಜ್ಜಿ ಬರೀ "ಬಾರವ್ವ" ಎಂದು ಎದ್ದು ಬಂದಿದ್ದಳು. ಚಿಕ್ಕಮ್ಮ ಬಾಗಿಲಲ್ಲೇ ನಿಂತು, ಚರಿತ್ರೆ ಓದುವ ಅದೇ ದೊಡ್ಡ ಗಂಟಲಿನಲ್ಲಿ ಕೂಗಿದಳು:

"ಗಂಡಸಿ ಊರಿನ ಪುಟ್ಟಲಕ್ಷ್ಮೀ, ಬಾರಕ್ಕಾ. ನಿನ್ನ ಮಗಳು ಇಲ್ಲೇ ಇದಾಳೆ."

ಅಜ್ಜಿ ಗಟ್ಟಿಯಾಗಿ ನನ್ನ ಕೈ ಹಿಡಿದುಕೊಂಡಳು. ಅಜ್ಜಿಯ ನಂಬಿಕೆಯನ್ನು ನೋಡಿ ಜೀವಮಾನವೆಲ್ಲ ನಕ್ಕವಳು ನಾನು. ಆವತ್ತು ಅದು ನಿಜವಾಗಲಿ ಎಂದು ಬೇಡಿಕೊಂಡೆ. ಬಾಗಿಲಿಗೆ ಅಡ್ಡವಾಗಿ ಕೂತಿದ್ದೆ. ಸರಿದು ದಾರಿ ಬಿಟ್ಟೆ.