ಮುರಿದ ಮಣಿಕಟ್ಟೂ ನಂಜಕ್ಕನ ಹಿಟ್ಟೂ

ಮಕ್ಕಳಿಗೆ ಹೇಳಿಕೊಡುವುದನ್ನು ತಾವೂ ಪಾಲಿಸಬೇಕೆಂದು ಉಪಾಧ್ಯಾಯರಿಗೆ ಯಾರೂ ಕಟ್ಟಳೆ ಮಾಡಿಲ್ಲ. ಮಾಡಿದ್ದರೆ ನಾನು ಎಂದೋ ಕೆಲಸ ಕಳೆದುಕೊಳ್ಳುತ್ತಿದ್ದೆ. ತುರುವೇಕೆರೆಯ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಮೇಲೆ ವಿಜ್ಞಾನ ಪಾಠ ಮಾಡಿದವಳು ನಾನು. ಪ್ರತಿವರ್ಷ ಆಹಾರದ ಪಾಠ ಬಂದಾಗ ಬೋರ್ಡಿನ ಮೇಲೆ ‘ಸುಣ್ಣದ ಅಂಶ’ ಎಂದು ದಪ್ಪಕ್ಷರದಲ್ಲಿ ಬರೆದು, ಅದರ ಕೆಳಗೆ ಹಾಲು, ರಾಗಿ, ಸೊಪ್ಪು, ಎಳ್ಳು ಎಂದು ಪಟ್ಟಿ ಮಾಡಿ, ಇವು ಮೂಳೆಯನ್ನು ಗಟ್ಟಿ ಮಾಡುತ್ತವೆ ಎಂದು ಮಕ್ಕಳ ಬಾಯಲ್ಲಿ ಮೂರು ಸಲ ಹೇಳಿಸುತ್ತಿದ್ದೆ. ಗಂಟೆ ಹೊಡೆದ ಕೂಡಲೇ ಸ್ಟಾಫ್ ರೂಮಿಗೆ ಹೋಗಿ ಕಾಫಿ ಕುಡಿಯುತ್ತಿದ್ದೆ. ಆ ಕಾಫಿಯ ಬಣ್ಣ ತಿಳಿಯಾಗಲು ಬೇಕಾದಷ್ಟೇ ಹಾಲು ನನ್ನ ಹೊಟ್ಟೆಗೆ ಹೋಗುತ್ತಿದ್ದುದು. ರಾಗಿಯ ವಿಷಯದಲ್ಲಿ ನನ್ನ ಅಪರಾಧ ಇನ್ನೂ ದೊಡ್ಡದು. ಹಳ್ಳಿಯಲ್ಲಿ ಹುಟ್ಟಿ ಹಿಟ್ಟು ಉಂಡೇ ಬೆಳೆದವಳು ನಾನು. ಮುದ್ದೆಯನ್ನು ನಮ್ಮ ಕಡೆ ಹಿಟ್ಟು ಎಂದೇ ಅನ್ನುವುದು. ಕೆಲಸ ಸಿಕ್ಕಿ ಪೇಟೆ ಸೇರಿದ ಮೇಲೆ ಮಾತ್ರ ಎರಡು ಹೊತ್ತೂ ಬಿಳಿ ಅನ್ನ ಉಣ್ಣುವುದೇ ಓದಿದವರ ಲಕ್ಷಣವೆಂದು ನಂಬಿಬಿಟ್ಟಿದ್ದೆ.

ಐವತ್ತೊಂದನೆಯ ವಯಸ್ಸಿನಲ್ಲಿ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿದೆ. ಬಿದ್ದೆ ಎಂದರೆ ದೊಡ್ಡ ಮಾತಾದೀತು, ಕೈ ಊರಿಕೊಂಡು ಕುಳಿತೆ ಅಷ್ಟೆ. ಅಷ್ಟಕ್ಕೇ ಬಲಗೈ ಮಣಿಕಟ್ಟು ಮುರಿಯಿತು. ನಮ್ಮ ಯಜಮಾನರು ತಿಪಟೂರಿನ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಅವರು ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಇಷ್ಟು ಸಣ್ಣ ಬೀಳುವಿಕೆಗೆ ಮುರಿಯಬಾರದಿತ್ತು, ಮೂಳೆಯೇ ಸೊರಗಿದೆ, ಈ ವಯಸ್ಸಿನ ಹೆಂಗಸರಲ್ಲಿ ಹೀಗಾಗುವುದುಂಟು, ಹೀಗೇ ಬಿಟ್ಟರೆ ಮುಂದೆ ಸೊಂಟದ ಮೂಳೆಯೂ ಮುರಿಯಬಹುದು ಎಂದರು. ನನಗೆ ಜೀವ ಹಾರಿಹೋಯಿತು. ಸೊಂಟ ಮುರಿದು ಹಾಸಿಗೆ ಹಿಡಿದ ನಮ್ಮ ಸೋದರತ್ತೆ ಮತ್ತೆ ಏಳಲೇ ಇಲ್ಲ. ಏನು ಮಾಡಬೇಕು ಎಂದು ಕೇಳಿದೆ. ಹಾಲು, ರಾಗಿ, ಸೊಪ್ಪು, ಎಳ್ಳು ಎಂದು ಅವರು ನನ್ನ ಬೋರ್ಡನ್ನೇ ನನಗೆ ಓದಿಹೇಳಿದರು. ಜೊತೆಗೆ ದಿನಾ ನಡಿಗೆ, ಎಳೆಬಿಸಿಲು, ಕಾಫಿ ಕಡಿಮೆ. ನಾವು ತೆಂಗಿನ ಸೀಮೆಯವರು, ಎಲ್ಲದಕ್ಕೂ ಕಾಯಿ ಹಾಕುತ್ತೇವಲ್ಲ ಎಂದೆ. ಕಾಯಿ ರುಚಿಗೆ ಆಯಿತು, ಮೂಳೆಗೆ ಅದನ್ನೇ ನಂಬಬೇಡಿ ಎಂದರು. ಆಮೇಲೆ ಏನು ಕೆಲಸದಲ್ಲಿದ್ದೀರಿ ಎಂದು ಕೇಳಿದರು. ಟೀಚರು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದೆ. “ಸೈನ್ಸ್ ಟೀಚರು ಸಾರ್” ಎಂದು ಯಜಮಾನರು ಪೂರ್ತಿ ಮಾಡಿದರು. ಮದುವೆಯಾದಾಗಿನಿಂದ ನನ್ನ ಮಾತನ್ನು ಅವರು ಅಷ್ಟು ಉತ್ಸಾಹದಿಂದ ಮುಂದುವರಿಸಿದ್ದೇ ಇಲ್ಲ.

ಪ್ಲಾಸ್ಟರ್ ಹಾಕಿದ ಕೈಯಲ್ಲಿ ಒಲೆ ಹಚ್ಚುವಂತಿರಲಿಲ್ಲ. ಮೂರನೆಯ ದಿನ ದಬ್ಬೇಘಟ್ಟದಿಂದ ಯಜಮಾನರ ಅಕ್ಕ ನಂಜಕ್ಕ ಬಂದಿಳಿದರು. ಅರವತ್ತೆಂಟು ವರ್ಷ; ಸೊಂಟದ ಮೇಲೆ ರಾಗಿಹಿಟ್ಟಿನ ಚೀಲ, ಕೈಯಲ್ಲಿ ನುಗ್ಗೆಸೊಪ್ಪಿನ ಕಂತೆ, ಸೆರಗಿನ ಗಂಟಿನಲ್ಲಿ ಹುಚ್ಚೆಳ್ಳು. ಹಿಂದಿನ ವರ್ಷ ಇವರು ಹುಲ್ಲಿನ ಹೊರೆ ಸಮೇತ ತೋಟದ ಬದುವಿನಿಂದ ಉರುಳಿ, ಎದ್ದು ಸೀರೆ ಕೊಡವಿ, ಮೊದಲು ಹುಲ್ಲು ಚೆಲ್ಲಿತೇನೋ ಎಂದು ನೋಡಿಕೊಂಡವರು. ನನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ನೇರ ಅಡುಗೆಮನೆಗೆ ಹೋದರು. ಅಂದಿನಿಂದ ಮನೆಯ ಆಡಳಿತ ಬದಲಾಯಿತು. ಬೆಳಿಗ್ಗೆ ಕಾಫಿಯ ಜಾಗದಲ್ಲಿ ಹಾಲು ಬೆರೆಸಿದ ರಾಗಿ ಗಂಜಿ. ಮಧ್ಯಾಹ್ನ ಹಿಟ್ಟು, ಸೊಪ್ಪಿನ ಸಾರು, ಹುಚ್ಚೆಳ್ಳಿನ ಚಟ್ನಿ, ಗಟ್ಟಿ ಮೊಸರು. ಎಳೆಬಿಸಿಲು ಬಂತೆಂದರೆ ನನ್ನನ್ನು ಅಂಗಳದ ಚಾಪೆಗೆ ದಬ್ಬಿ, ಎಡಗೈಯಲ್ಲಾದರೂ ಅವರೆಕಾಯಿ ಸುಲಿ ಎನ್ನುತ್ತಿದ್ದರು. ಬಣ್ಣ ಕಪ್ಪಾಗುತ್ತದೆ, ನೆರಳಿಗೆ ಬರುತ್ತೇನೆ ಎಂದು ಒಮ್ಮೆ ಗೋಗರೆದೆ. “ಕೊಬ್ರಿ ಅಟ್ಟದ್ಮೇಲೆ ನೆಳ್ಳಾಗೇ ಆಯ್ತದೆ ಕಣಮ್ಮ, ಮೂಳೆ ಆಗಾಕಿಲ್ಲ. ಕೂತ್ಕೋ” ಎಂದರು. ವಿಜ್ಞಾನದ ಟೀಚರು ಕುಳಿತು ಅವರೆಕಾಯಿ ಸುಲಿದಳು. ಸಂಜೆ ಕೆರೆ ಏರಿಯ ಮೇಲೆ ನಡಿಗೆ. ಅವರು ಮುಂದೆ, ನಾನು ಏದುಸಿರು ಬಿಡುತ್ತ ಹಿಂದೆ. ಪಕ್ಕದ ಮನೆಗೆ ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ಎರಡು ಸಲ ಕಾಫಿ ಕುಡಿದು ಬಂದೆ. ಮೂರನೆಯ ಸಲ ಹೋಗುವಾಗ ನಂಜಕ್ಕ ಸಕ್ಕರೆ ಡಬ್ಬವನ್ನೇ ಮುಂದೆ ಹಿಡಿದರು.

ಇದೆಲ್ಲ ನಗುವ ಮಾತು. ಒಂದು ದಿನ ಮಾತ್ರ ನಗು ಬರಲಿಲ್ಲ. ಊಟಕ್ಕೆ ಕುಳಿತಿದ್ದೆ. ತಲೆ ಎತ್ತಿದರೆ, ನನ್ನ ಆರೋಗ್ಯ ವಿಚಾರಿಸಲು ಬಂದ ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಮುರಿಯದ ಸೀರೆ, ಅಳೆದು ತೂಗಿ ಆಡುವ ಮಾತು. ನಾನು ಏನು ಮಾಡುತ್ತಿದ್ದೇನೆಂದು ನನಗೇ ತಿಳಿಯುವ ಮೊದಲು ಹಿಟ್ಟಿನ ತಟ್ಟೆಯ ಮೇಲೆ ಪೇಪರು ಮುಚ್ಚಿ ಹಿಂದಕ್ಕೆ ತಳ್ಳಿದ್ದೆ. ಅಡುಗೆಮನೆಯ ಬಾಗಿಲಲ್ಲಿ ನಂಜಕ್ಕ ಬಿಸಿ ಹಿಟ್ಟು ಹಿಡಿದು ನಿಂತಿದ್ದರು. ಪೇಪರು ನೋಡಿದರು, ನನ್ನನ್ನು ನೋಡಿದರು, ತಿರುಗಿ ಒಳಗೆ ಹೋದರು. ಹೆಡ್‌ಮಿಸ್ಟ್ರೆಸ್ಸರ ಮೂಗು ಆಗಲೇ ವಿಷಯ ತಿಳಿದುಕೊಂಡಿತ್ತು. ಹುಚ್ಚೆಳ್ಳಿನ ಚಟ್ನಿಯೇ ಎಂದು ಮೆಲ್ಲಗೆ ಕೇಳಿದರು. ತಾವು ಮಾಯಸಂದ್ರದ ಕಡೆಯವರು, ಈ ವಾಸನೆ ಮೂಗಿಗೆ ಬಿದ್ದು ಎಷ್ಟೋ ಕಾಲವಾಯಿತು, ಮನೆಯಲ್ಲಿ ತಮ್ಮೊಬ್ಬರಿಗಾಗಿ ಮಾಡಿಕೊಳ್ಳಲು ಸಂಕೋಚ ಎಂದರು. ಆಮೇಲೆ ಅಡುಗೆಮನೆಗೇ ಹೋಗಿ ನೆಲದ ಮೇಲೆ ಕುಳಿತು ಒಂದು ಹಿಟ್ಟು ಪೂರ್ತಿ ಉಂಡರು. ನಂಜಕ್ಕ ಅವರಿಗೆ ಮೊಸರು ಬಡಿಸಿದರು. ನನ್ನ ಕಡೆ ನೋಡಲಿಲ್ಲ.

ಅವರು ಹೋದ ಮೇಲೆ ನಂಜಕ್ಕ ಪಾತ್ರೆ ತೊಳೆಯುತ್ತ, ತಲೆ ಎತ್ತದೆ ಹೇಳಿದರು: “ನಾ ಇಲ್ಲಿರೋದು ನಿಂಗೆ ಮುಜುಗರ ಆದ್ರೆ ಯೋಳ್ಬುಡು ಕಮಲಾ. ನಾಳೆ ಬಸ್ಸಿಗೆ ಹೋಯ್ತೀನಿ. ಹಿಟ್ಟು ಮಾತ್ರ ಬುಡ್ಬೇಡ.”

ಅವರ ಪಕ್ಕದಲ್ಲಿ ಕುಳಿತೆ. ತಪ್ಪಾಯಿತು ಎನ್ನುವ ಮಾತು ಐವತ್ತೊಂದು ವರ್ಷದ ಗಂಟಲಿನಿಂದ ಸುಲಭವಾಗಿ ಹೊರಡುವುದಿಲ್ಲ. ಮುಚ್ಚಿಟ್ಟ ತಟ್ಟೆಯನ್ನು ಎಳೆದುಕೊಂಡು, ತಣ್ಣಗಾಗಿ ಬಿರುಸಾಗಿದ್ದ ಹಿಟ್ಟನ್ನು ಎಡಗೈಯಲ್ಲೇ ಮುರಿದು ಉಂಡೆ. “ತಣ್ಗಾಗೈತೆ, ತತ್ತಾ ಇಲ್ಲಿ” ಎಂದು ಅವರು ಬಿಸಿ ಸಾರು ಸುರಿದರು. ಬಸ್ಸಿನ ಮಾತು ಮತ್ತೆ ಬರಲಿಲ್ಲ.

ಪ್ಲಾಸ್ಟರ್ ಬಿಚ್ಚಿದಾಗ ಕೈ ಒಣಗಿದ ಸೌದೆಯ ಹಾಗಿತ್ತು. ಸೀಮೆಸುಣ್ಣ ಹಿಡಿದರೆ ನಡುಗುತ್ತಿತ್ತು. ಇನ್ನು ಬೋರ್ಡಿನ ಮೇಲೆ ಬರೆಯಲಾರೆನೆಂದು ಒಬ್ಬಳೇ ಕುಳಿತು ಅತ್ತದ್ದೂ ಉಂಟು. ಕೈಗೆ ಮೆಲ್ಲಮೆಲ್ಲಗೆ ಕೆಲಸ ಕೊಡಿ ಎಂದರು ಡಾಕ್ಟರು. ನಂಜಕ್ಕ ಮೊದಲ ವಾರ ನೀರು ತುಂಬಿದ ಚೆಂಬು ಎತ್ತಿಸಿದರು, ಆಮೇಲೆ ಹಿಟ್ಟು ತೊಳಸುವ ಕೋಲು ಕೊಟ್ಟರು. ನಾನು ತೊಳಸಿದ ಮೊದಲ ಹಿಟ್ಟಿನಲ್ಲಿ ಗಂಟೇ ಹೆಚ್ಚು. ಯಜಮಾನರು ಪ್ರತಿ ಗಂಟನ್ನೂ ತಟ್ಟೆಯ ಅಂಚಿಗೆ ಸಾಲಾಗಿ ಇಟ್ಟರು. ನಂಜಕ್ಕ ಗಂಟು ಸಮೇತ ನುಂಗಿದರು. ತಿಂಗಳೆರಡು ಕಳೆಯುವಷ್ಟರಲ್ಲಿ ಹಿಟ್ಟು ನುಣ್ಣಗಾಯಿತು, ಬೋರ್ಡಿನ ಮೇಲಿನ ಅಕ್ಷರ ನೆಟ್ಟಗಾಯಿತು. ಮೂಳೆ ಚೆನ್ನಾಗಿ ಕೂಡಿದೆ, ಆದರೆ ಈ ಅಭ್ಯಾಸ ಬದುಕಿರುವ ತನಕ ಬಿಡಬಾರದು ಎಂದರು ಡಾಕ್ಟರು. ನಂಜಕ್ಕ ಊರಿಗೆ ಹೊರಟ ದಿನ, ಶಾಲೆಗೆ ದಿನಾ ನಡೆದೇ ಹೋಗುತ್ತೇನೆಂದು ನನ್ನಿಂದ ಕೈ ಮೇಲೆ ಕೈ ಹಾಕಿಸಿಕೊಂಡೇ ಬಸ್ಸು ಹತ್ತಿದರು.

ಹಿಟ್ಟು ಬಿಡಲಿಲ್ಲ, ಹಾಲೂ ಬಿಡಲಿಲ್ಲ. ನಡಿಗೆಯನ್ನೂ ಬಿಡಲಿಲ್ಲ, ಬಹುಮಟ್ಟಿಗೆ. ಒಂದು ದಿನ ಮಾತ್ರ ಏಳುವುದು ತಡವಾಗಿ, ಮನೆಯ ತಿರುವಿನಲ್ಲಿ ನಿಂತಿದ್ದ, ದಬ್ಬೇಘಟ್ಟದಿಂದ ಬಂದ ಬಸ್ಸು ಹತ್ತಿ ಕುಳಿತೆ. ಕಂಡಕ್ಟರು ಟಿಕೆಟ್ ಹರಿಯುವ ಬದಲು ನನ್ನ ಮುಖ ನೋಡಿ, ಬಸ್ಸಿಗೆಲ್ಲ ಕೇಳುವಂತೆ ಹೇಳಿದ: “ಮೇಡಂ, ಬೆಳಿಗ್ಗೆ ನಂಜಕ್ಕಾರು ಸಿಕ್ಕಿದ್ರು. ನಮ್ ಕಮಲಾ ನಡ್ಕೊಂಡೋಯ್ತಾವ್ಳಾ ನೋಡ್ಕೊಂಡ್ ಬಂದು ಯೋಳು ಅಂದ್ರು. ಏನಂತ ಯೋಳ್ಲಿ?”

ಹಿಂದಿನ ಸೀಟಿನಲ್ಲಿದ್ದ ನನ್ನ ವಿದ್ಯಾರ್ಥಿನಿಯರು ಕಿಸಕ್ಕನೆ ನಕ್ಕರು. ನಾನು ಎದ್ದು, ಬಸ್ಸು ನಿಲ್ಲಿಸಪ್ಪ, ಇಲ್ಲಿಂದ ನಡೆದೇ ಹೋಗುತ್ತೇನೆ ಎಂದು ಗಂಭೀರವಾಗಿ ಹೇಳಿದೆ. ಆತ ಸೀಟಿ ಊದಿದ. ಬಸ್ಸು ನಿಂತಿತು. ಘನತೆಯಿಂದ ಇಳಿದು ತಲೆ ಎತ್ತಿ ನೋಡಿದರೆ, ಅದು ಶಾಲೆಯ ಗೇಟು.