ಮೋನಪ್ಪನವರ ದವಡೆಹಲ್ಲಿನ ವರ್ಗಾವಣೆ

ಕೊಲ್ಲಿ ದೇಶದ ಶುವೈಖ್ ಇಂಡಸ್ಟ್ರಿಯಲ್ ಏರಿಯಾದ ಬಿಡಿಭಾಗಗಳ ಕಂಪನಿಯೊಂದರಲ್ಲಿ ಸ್ಟೋರ್‌ಕೀಪರ್ ಆಗಿರುವ ಮೋನಪ್ಪನವರ ಎಡಗಡೆಯ ದವಡೆಹಲ್ಲು ಕಳೆದ ಮಾರ್ಚ್ ಒಂದರಂದು, ಕಂಪನಿಯ ಪೂರ್ವಾನುಮತಿ ಇಲ್ಲದೆ, ನೋಯಲಾರಂಭಿಸಿತು.

ಜನವರಿಯಲ್ಲೇ ಸುತ್ತೋಲೆ ಬಂದಿತ್ತು. ನೌಕರರು ಎರಡು ಯೋಜನೆಗಳಲ್ಲಿ ಒಂದನ್ನು ಆರಿಸಿಕೊಳ್ಳತಕ್ಕದ್ದು. ಮೊದಲನೆಯದು ಆರೋಗ್ಯ ಉಳಿತಾಯ ಖಾತೆ: ತಿಂಗಳಿಗೆ ಐದು ದಿನಾರ್ ನಿಮ್ಮದೇ ಹೆಸರಿನಲ್ಲಿ ಜಮೆ, ನಿಮ್ಮ ಕಾಯಿಲೆಗೆ ನಿಮ್ಮದೇ ದುಡ್ಡು, ಉಳಿದರೆ ಊರಿಗೆ ಹೋಗುವಾಗ ಕೈಗೆ. ಎರಡನೆಯದು ಸಾಮೂಹಿಕ ವಿಮೆ: ಅದೇ ಐದು ದಿನಾರ್, ಆದರೆ ಎಲ್ಲರದೂ ಒಂದೇ ಹುಂಡಿಗೆ, ಕಾಯಿಲೆ ಬಿದ್ದವರ ಖರ್ಚು ಹುಂಡಿಯದು, ಬೀಳದವರ ಕೈಗೆ ಚಿಪ್ಪು.

"ಕಂಡವರ ಜ್ವರಕ್ಕೆ ನಾನೆಂತಕ್ಕೆ ದುಡ್ಡು ಹಾಕುದು?" ಎಂದು ಮೋನಪ್ಪ ಖಾತೆ ತೆರೆದರು. ಅವರ ರೂಮಿನಲ್ಲೇ ಇರುವ ಸೇಲ್ಸ್‌ಮನ್ ಸುಕೇಶ್ ವಿಮೆಗೆ ಸೇರಿದ. ಸೇರಿದ ದಿನದಿಂದ ಅವನಿಗೆ ಒಂದು ನೆಗಡಿಯೂ ಬರಲಿಲ್ಲ. ಕಟ್ಟಿದ ದುಡ್ಡು ದಂಡವಾಗುತ್ತಿದೆಯಲ್ಲ ಎಂದು ಏಸಿಯ ಕೆಳಗೆ ಒದ್ದೆ ತಲೆಯಲ್ಲಿ ಮಲಗಿಯೂ ನೋಡಿದ, ಪಾಪ.

ಇತ್ತ ಮೋನಪ್ಪನವರಿಗೆ ಗಂಜಿ ಉಣ್ಣುವಾಗಲೂ ಕಣ್ಣೀರು. ಡಾಕ್ಟರು ರೂಟ್ ಕೆನಾಲ್‌ಗೆ ಎಂಬತ್ತು ದಿನಾರ್ ಹೇಳಿದರು. ಖಾತೆಯಲ್ಲಿದ್ದದ್ದು ಹತ್ತು. ಎಚ್.ಆರ್. ಅಧಿಕಾರಿ ಕೊನ್ರಾಡ್ ಅವರ ಮೇಜಿನ ಮುಂದೆ ಅವರು ಕೆನ್ನೆ ಹಿಡಿದು ನಿಂತರು.

"ನಿಮ್ಮದು ಅವಸರದ ಹಲ್ಲು, ಮೋನಪ್ಪ," ಎಂದರು ಕೊನ್ರಾಡ್ ಬೇಸರದಿಂದ. "ಬರುವ ವರ್ಷ ಏಪ್ರಿಲ್‌ವರೆಗೆ ತಡೆದುಕೊಂಡಿದ್ದರೆ ಎಂಬತ್ತು ಆಗ್ತಿತ್ತು."

"ನನ್ನನ್ನು ವಿಮೆಗೆ ಸೇರಿಸಿ, ಸರ್."

"ಅದಕ್ಕೆ ನೋವಿಲ್ಲದ ಹಲ್ಲು ಬೇಕು. ನೋವಿದ್ದವರನ್ನೆಲ್ಲ ಸೇರಿಸಿದರೆ ವಿಮೆ ಉಳಿಯುದುಂಟಾ?"

ಆದರೂ ಕೊನ್ರಾಡ್ ಕರುಣಾಳು. ನಿಯಮಾವಳಿ ತಿರುವಿ ದಾರಿ ಹುಡುಕಿದರು. ಮೋನಪ್ಪನವರಲ್ಲಿ ರೋಗವುಂಟು, ಹಕ್ಕಿಲ್ಲ. ಸುಕೇಶನಲ್ಲಿ ಹಕ್ಕುಂಟು, ರೋಗವಿಲ್ಲ. ಹಕ್ಕನ್ನು ವರ್ಗಾಯಿಸಲು ಕಫೀಲರ, ಅಂದರೆ ವೀಸಾ ಕೊಟ್ಟ ಅರಬ್ಬಿ ಧಣಿಯ, ಸಹಿ ಬೇಕು, ಅವರು ವಿದೇಶ ಪ್ರವಾಸದಲ್ಲಿದ್ದರು. ಆದರೆ ನಿಯಮ ೧೪(ಬಿ) ಪ್ರಕಾರ, ಒಂದೇ ರೂಮಿನವರು ಮಂಚ, ಕಪಾಟು ಇತ್ಯಾದಿಗಳನ್ನು ಪರಸ್ಪರ ಒಪ್ಪಿಗೆಯಿಂದ ವರ್ಗಾಯಿಸಿಕೊಳ್ಳಬಹುದು. ಹಲ್ಲುನೋವು ಇತ್ಯಾದಿಯಲ್ಲಿ ಸೇರುತ್ತದೆ. ಮೂರು ಪ್ರತಿ ಅರ್ಜಿ, ಎರಡು ಫೋಟೊ, ಒಂದು ಎಕ್ಸ್-ರೇ ಪಡೆದು, ಸದರಿ ನೋವನ್ನು ಮೋನಪ್ಪನವರಿಂದ ಸುಕೇಶನಿಗೆ ವರ್ಗಾಯಿಸಿ ಆದೇಶ ಹೊರಡಿಸಲಾಯಿತು.

ಸುಕೇಶನ ಸಂತೋಷ ಹೇಳತೀರದು. "ಕಡೆಗೂ ಕಟ್ಟಿದ ದುಡ್ಡು ಉಪಯೋಗಕ್ಕೆ ಬಂತು ನೋಡಿ, ಮೋನಪ್ಪಣ್ಣ!" ಎನ್ನುತ್ತ ಹೋಗಿ, ಕಲ್ಲಿನಂತಿದ್ದ ತನ್ನ ಹಲ್ಲಿಗೆ ಎಂಬತ್ತು ದಿನಾರಿನ ರೂಟ್ ಕೆನಾಲ್ ಮಾಡಿಸಿಕೊಂಡು ಬಂದ. ಕಡತ ಮುಚ್ಚಲಾಯಿತು.

ವಾರ ಕಳೆದು ಮೋನಪ್ಪ ಮತ್ತೆ ಕೆನ್ನೆ ಊದಿಸಿಕೊಂಡು ಬಂದಾಗ ಕೊನ್ರಾಡ್ ಹುಬ್ಬು ಗಂಟಿಕ್ಕಿದರು.

"ಆ ನೋವು ಈಗ ಯಾರದ್ದು?"

"ಸುಕೇಶಂದು, ಸರ್."

"ಮತ್ತೆ ನಿಮ್ಮ ಬಾಯಲ್ಲಿ ಎಂತ ಮಾಡ್ತಾ ಉಂಟು?"

ಮೋನಪ್ಪನವರಿಗೆ ನೆಲ ಬಿರಿದು ಒಳಗೆ ಹೋಗುವಷ್ಟು ನಾಚಿಕೆಯಾಯಿತು. ಇಪ್ಪತ್ತೆರಡು ವರ್ಷದ ಸರ್ವೀಸಿನಲ್ಲಿ ಸ್ಟೋರಿನ ಒಂದು ನಟ್ಟನ್ನೂ ರೂಮಿಗೆ ಒಯ್ದವರಲ್ಲ. ಅಂಥವರು ಇನ್ನೊಬ್ಬರ ನೋವನ್ನು ಬಾಯಲ್ಲಿಟ್ಟುಕೊಂಡು ತಿರುಗುವುದೇ? ಅಂದೇ ಸುಕೇಶನ ಬಳಿ ಕ್ಷಮೆ ಕೇಳಿದರು.

ಸುಕೇಶ್ ಉದಾರಿ. ತನ್ನ ನೋವನ್ನು ಮೋನಪ್ಪಣ್ಣ ಬೇಕಾದಷ್ಟು ದಿನ ಅನುಭವಿಸಲು ಅಭ್ಯಂತರವಿಲ್ಲವೆಂದು ಬರೆದುಕೊಟ್ಟ, ಬಾಡಿಗೆಯನ್ನೂ ಕೇಳಲಿಲ್ಲ. ಕೊನ್ರಾಡ್ ಸೀಲು ಒತ್ತಿದರು. ದಾರಿಯಲ್ಲಿ ಯಾರಾದರೂ ತಡೆದು ಕೇಳಿದರೆ ಇರಲಿ ಎಂದು ಮೋನಪ್ಪ ಆ ಕಾಗದವನ್ನು ವಾಸದ ಪರವಾನಗಿಯಾದ ಇಕಾಮಾದ ಜೊತೆ ಪರ್ಸಿನಲ್ಲಿಟ್ಟುಕೊಂಡು, ಇಬ್ಬರಿಗೂ ಕೈಮುಗಿದು ಕೆಲಸಕ್ಕೆ ಹೋದರು.