ನೀರು ಮುಖ ತೊಳೆದುಕೊಂಡ ಮೇಲೆ

ಈ ಊರಿನ ಕುಡಿಯುವ ನೀರಿನಲ್ಲಿ ಸೀಸದ ಅಂಶ ಇಲ್ಲವೆಂದು ನೀರು ಸರಬರಾಜು ಇಲಾಖೆಯು ಮೂರು ಮೊಹರುಗಳ ಸಮೇತ ದೃಢಪಡಿಸಿದೆ. ಹಾಗೆ ದೃಢಪಡಿಸುವುದು ಸುಮ್ಮನೆ ಆಗುವ ಕೆಲಸವಲ್ಲ. ಅದಕ್ಕಾಗಿ ಬೆವರು ಸುರಿಸಿದವನು ಇಲಾಖೆಯ ಮಾದರಿ ಸಂಗ್ರಾಹಕ, ಅಂದರೆ ಮನೆಮನೆಯ ನಲ್ಲಿಯಿಂದ ಬಾಟಲಿಗೆ ನೀರು ಹಿಡಿದು ಪ್ರಯೋಗಾಲಯಕ್ಕೆ ಮುಟ್ಟಿಸುವ ನೌಕರ. ಪಾಪ, ಅವನು ಮಾಡಿದ ತಪ್ಪು ಒಂದೇ. ತನ್ನ ಮನೆಯ ನೀರನ್ನೂ ಪರೀಕ್ಷೆಗೆ ಕೊಟ್ಟ.

ಕಾರಣ ಅವನ ಒಂದೂವರೆ ವರ್ಷದ ಮಗಳು. ಹೋದ ತಿಂಗಳವರೆಗೂ ‘ಅಪ್ಪ’, ‘ಅಮ್ಮ’ ಎಂದು ಮನೆ ತುಂಬಾ ಓಡಾಡುತ್ತಿದ್ದ ಮಗು ಈಗ ಊಟ ಬೇಡವೆಂದು ಮುಖ ತಿರುಗಿಸಿ, ಒಂದು ಮಾತೂ ಆಡದೆ, ಗೋಡೆಗೆ ಒರಗಿ ಕೂತಿರುತ್ತಿತ್ತು. ಅವರದು ಹಳೆಯ ಬೀದಿ. ರಸ್ತೆಯಿಂದ ಅಡುಗೆಮನೆಯವರೆಗಿನ ಕೊಳವೆ ಮುತ್ತಜ್ಜನ ಕಾಲದ್ದು, ಅಪ್ಪಟ ಸೀಸದ್ದು. ಒಂದು ಬೆಳಿಗ್ಗೆ, ಮನೆಯಲ್ಲಿ ಯಾರೂ ನಲ್ಲಿ ಮುಟ್ಟುವ ಮೊದಲೇ, ಅವನು ಒಂದು ಬಾಟಲಿ ನೀರು ಹಿಡಿದ. ಲೀಟರಿಗೆ ಹತ್ತು ಮೈಕ್ರೋಗ್ರಾಂ ದಾಟಬಾರದಿದ್ದ ಸೀಸ ತೊಂಬತ್ತು ಬಂತು.

ಇಲಾಖೆಯ ಮುಖ್ಯಸ್ಥರಾದ ಸಾಹೇಬರು ಅವನನ್ನು ಕರೆಸಿದರು.

“ಏನಪ್ಪಾ ಇದು? ಹಾಸಿಗೆಯಿಂದ ಎದ್ದ ತಕ್ಷಣ ನಿನ್ನ ಫೋಟೋ ತೆಗೆದು ಕಚೇರಿ ಗೋಡೆಗೆ ಹಾಕಿದ್ರೆ ಒಪ್ಕೋತೀಯಾ?”

“ಇಲ್ಲ ಸಾರ್.”

“ಮತ್ತೆ ನೀರಿಗೆ ಮಾತ್ರ ಯಾಕೆ ಈ ಅನ್ಯಾಯ? ರಾತ್ರಿಯೆಲ್ಲ ಕೊಳವೇಲಿ ಮಲಗಿದ್ದ ನೀರು ಅದು. ಮುಖ ತೊಳ್ಕೊಂಡು ಬರ್ಲಿ ಬಿಡು.”

“ಮಗು ಮಾತಾಡೋದನ್ನೇ ನಿಲ್ಲಿಸಿದೆ ಸಾರ್.”

“ಒಳ್ಳೇ ಮಗು. ಅದನ್ನ ನೋಡಿ ನೀನೂ ಕಲಿ.”

ಮಧ್ಯಾಹ್ನವೇ ಸುತ್ತೋಲೆ ಹೊರಬಿತ್ತು: ‘ಮಾದರಿ ತೆಗೆಯುವ ಮುನ್ನ ನೀರಿಗೆ ಮುಖ ತೊಳೆದುಕೊಳ್ಳಲು ಐದು ನಿಮಿಷಗಳ ಕಾಲಾವಕಾಶ ನೀಡತಕ್ಕದ್ದು. ಈ ಅವಕಾಶ ಇಲಾಖೆಗೆ ಮಾತ್ರ ಸೀಮಿತ. ಸಾರ್ವಜನಿಕರು ಹೀಗೆ ನಲ್ಲಿ ಬಿಟ್ಟಲ್ಲಿ ನೀರು ಪೋಲು ಮಾಡಿದ ಅಪರಾಧವೆಂದು ಪರಿಗಣಿಸಲಾಗುವುದು.’

ಐದು ನಿಮಿಷಕ್ಕೂ ಹಳೆಯ ಬೀದಿಯ ನೀರು ಪಾಸಾಗಲಿಲ್ಲ. ಅವಧಿಯನ್ನು ಮುಕ್ಕಾಲು ಗಂಟೆಗೆ ಏರಿಸಲಾಯಿತು. ಊರಿನ ತೊಟ್ಟಿ ತಳ ಕಂಡಿತು, ಸೀಸ ಮಾತ್ರ ಜಗ್ಗಲಿಲ್ಲ. ಆಗ ಸಾಹೇಬರ ಅಧ್ಯಕ್ಷತೆಯ ಸಮಿತಿಯು, ಎಲ್ಲ ಮನೆಗಳಿಗೂ ನೀರು ಬರುವುದು ಒಂದೇ ತೊಟ್ಟಿಯಿಂದಾದ್ದರಿಂದ ಒಂದೇ ನಲ್ಲಿಯ ಪರೀಕ್ಷೆ ಸಾಕೆಂದು ತೀರ್ಮಾನಿಸಿತು. ಹುಡುಕಿ ಹುಡುಕಿ ಆರಿಸಿದ ಆ ನಲ್ಲಿ ಕಚೇರಿಯಲ್ಲಿನ ಸಾಹೇಬರ ಕೋಣೆಯದೇ ಆಗಿದ್ದದ್ದು ಕಾಕತಾಳೀಯ. ಸೀಸ ಆರೋಗ್ಯಕ್ಕೆ ಒಳ್ಳೆಯದಲ್ಲವೆಂದು ಅವರ ಹೆಂಡತಿ ಎಲ್ಲೋ ಓದಿದ್ದರಿಂದ ಹೋದ ವರ್ಷವೇ ಅದರ ಕೊಳವೆ ಬದಲಾಗಿತ್ತು.

ಅಂದಿನಿಂದ ಸಂಗ್ರಾಹಕನ ಕೆಲಸ ಹಗುರಾಯಿತು. ಬೀದಿ ಅಲೆಯಬೇಕಿಲ್ಲ. ಸಾಹೇಬರ ನಲ್ಲಿಯಲ್ಲಿ ಬಾಟಲಿ ತುಂಬಿಸುವುದು, ಒಂದೊಂದಕ್ಕೂ ಒಂದೊಂದು ಮನೆಯ ಸಂಖ್ಯೆಯ ಚೀಟಿ ಅಂಟಿಸುವುದು. ತನ್ನ ಮನೆಯ ಚೀಟಿಯನ್ನೂ ಅಂಟಿಸಿದ. ಫಲಿತಾಂಶ ಸೊನ್ನೆ ಬಂತು.

ಅದನ್ನು ಓದಿದ ಹೆಂಡತಿ ಖಾಲಿ ಕ್ಯಾನು ತಂದು ಮುಂದಿಟ್ಟಳು. “ರೀ, ಆ ನಲ್ಲೀಲೇ ಹಿಡ್ಕೊಂಡು ಬನ್ನಿ. ನಮ್ಮ ಮನೆ ನೀರು ಅಂತ ಅವರೇ ಬರ್ಕೊಟ್ಟಿದ್ದಾರಲ್ಲ.”

ಅವನು ತುಂಬಿಸಿಕೊಂಡು ಹೊರಟ. ಗೇಟಿನಲ್ಲಿ ವಾಚ್‌ಮನ್ ತಡೆದ. “ಇದು ಪರೀಕ್ಷೆ ನೀರು ಸ್ವಾಮಿ. ನೀವು ಕುಡಿದು ಖಾಲಿ ಮಾಡಿದ್ರೆ ಊರು ಪಾಸಾಗೋದು ಹೇಗೆ?” ಸಂಗ್ರಾಹಕ ಕ್ಯಾನು ಖಾಲಿ ಮಾಡಿ ಮನೆಗೆ ಬಂದ.

ಹೆಂಡತಿ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ರಕ್ತ ಪರೀಕ್ಷೆ ಮಾಡಲೇಬೇಕೆಂದು ಆರೋಗ್ಯ ಇಲಾಖೆಯ ಡಾಕ್ಟರ ಮುಂದೆ ಹೋಗಿ ನಿಂತಳು. ಡಾಕ್ಟರಿಗೆ ಪೀಕಲಾಟಕ್ಕಿಟ್ಟುಕೊಂಡಿತು. ನೀರಿನಲ್ಲಿ ಇಲ್ಲದ ಸೀಸ ರಕ್ತದಲ್ಲಿ ಸಿಕ್ಕರೆ ಎರಡು ಇಲಾಖೆಗಳ ನಡುವೆ ಮನಸ್ತಾಪವಾಗುತ್ತದೆ. ಅವರು ಸಾಹೇಬರಿಗೆ ಫೋನು ಮಾಡಿದರು.

“ಊರಿಗೆಲ್ಲ ಒಂದು ನಲ್ಲಿ ಸಾಕು ಅಂದ್ಮೇಲೆ ಒಂದು ಮಗು ಸಾಲದಾ ಡಾಕ್ಟ್ರೇ?” ಎಂದರು ಸಾಹೇಬರು. “ನಮ್ಮ ಮೊಮ್ಮಗನೇ ಇದ್ದಾನಲ್ಲ.”

ಮೊಮ್ಮಗ ದುಂಡು ದುಂಡಾಗಿದ್ದ. ಡಾಕ್ಟರು ಅವನ ಹಸಿವು, ಅವನಾಡುವ ಮಾತುಗಳನ್ನೂ ಬರೆದುಕೊಂಡರು. ಸೂಜಿ ಚುಚ್ಚಿದಾಗ ಜೋರಾಗಿ ಅತ್ತ. ಊರಿನ ಅಷ್ಟೂ ಮಕ್ಕಳ ಪರವಾಗಿ ಆ ಒಂದು ಮಗು ನೋವು ತಿಂದಿತಲ್ಲ ಎಂದು ನೆರೆದಿದ್ದ ತಾಯಂದಿರು ಕಣ್ಣೊರೆಸಿಕೊಂಡರು. ಕೆಲವರು ಆಟದ ಸಾಮಾನು ತಂದುಕೊಟ್ಟರು. ಎರಡನೇ ಸಲ ಚುಚ್ಚುವುದು ಅಮಾನವೀಯವೆಂದು ಅದೇ ಒಂದು ಫಲಿತಾಂಶವನ್ನು ನಾನೂರ ಹನ್ನೆರಡು ಪ್ರಮಾಣಪತ್ರಗಳಿಗೆ ಇಳಿಸಲಾಯಿತು. ಹೆಸರು ತುಂಬಿಸುವ ಕೆಲಸ ಅನುಭವವಿದ್ದ ಸಂಗ್ರಾಹಕನಿಗೇ ಬಂತು.

ಸಂಜೆ ಅವನ ಹೆಂಡತಿ ಮಗಳ ಪ್ರಮಾಣಪತ್ರವನ್ನು ಎರಡೆರಡು ಸಲ ಓದಿದಳು.

“ರಕ್ತದಲ್ಲಿ ಸೀಸ ಇಲ್ಲ. ಹಸಿವು ಚೆನ್ನಾಗಿದೆ. ನಮ್ಮ ಮಗಳು ಹದಿನಾಲ್ಕು ಮಾತಾಡ್ತಾಳಂತೆ ರೀ.”

“ಯಾವ್ಯಾವುದು ಅಂತ ಬರ್ದಿದ್ದಾರಾ?”

“ಬರ್ದಿದ್ದಾರೆ. ಮೊದಲನೇದು ‘ತಾತ’. ‘ಅಪ್ಪ’ ಆರನೇದು.”

ಅವನು ಮಗಳ ಮುಂದೆ ಮಂಡಿಯೂರಿ ಕುಳಿತು ಬಹಳ ಹೊತ್ತು ಕಾದ. ಮಗು ಗೋಡೆ ನೋಡುತ್ತಿತ್ತು. 

“ಇವತ್ತು ಮನಸ್ಸಿಲ್ಲ ಅನ್ಸುತ್ತೆ,” ಎಂದ.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಹೊಸ್ತಿಲಲ್ಲಿ ನಿಂತು ವಿಚಾರಿಸಿದಳು. “ನಿಮ್ಮದೆಷ್ಟು?”

“ಹದಿನಾಲ್ಕು,” ಎಂದಳು ಹೆಂಡತಿ, ಕಣ್ಣು ಕೆಳಗೆ ಹಾಕಿ.

“ನಮ್ಮದೂ ಹದಿನಾಲ್ಕು! ನಮ್ಮದಿನ್ನೂ ನಾಲ್ಕು ತಿಂಗಳ ಕೂಸು!” ಆಕೆಯ ಮುಖ ಅರಳಿತ್ತು.

ಮಗು ಲೋಟದ ಕಡೆ ಕೈ ತೋರಿಸಿತು. ಬಾಯಾರಿತ್ತೇನೋ. ಸಂಗ್ರಾಹಕ ಎದ್ದು ಅಡುಗೆಮನೆಗೆ ಹೋದ. ಬೆಳಿಗ್ಗೆಯಿಂದ ಯಾರೂ ಮುಟ್ಟದಿದ್ದ ನಲ್ಲಿಗೆ ಮೊದಲೇ ಲೋಟ ಒಡ್ಡಿ, ಸುತ್ತೋಲೆಯ ಪ್ರಕಾರ ಒಂದು ಹನಿಯೂ ಪೋಲಾಗದ ಹಾಗೆ ತಿರುಗಿಸಿದ.